ಟರ್ಬೊಗೆ ಬ್ಲಾಂಕೆಟ್ ಹೊದಿಸಬೇಕಾ, ಬೇಡವಾ? ಅನುಭವ ಇದ್ದವರು ಹೇಳಿ

ಸಕಲೇಶಪುರದಿಂದ, ಪಿಕಪ್ ಮಾಲೀಕರು

ಎಲ್ಲರಿಗೂ ನಮಸ್ಕಾರ. ನಮ್ಮದು ಬಿಎಸ್4 ಡೀಸೆಲ್ ಪಿಕಪ್, ಅಂದರೆ ಬಿಎಸ್6 ಹೊಗೆ ನಿಯಮ ಬರುವ ಮೊದಲಿನದು. ಕಾಫಿ, ಮೆಣಸು ತುಂಬಿಕೊಂಡು ಮಂಗಳೂರಿಗೆ ಇಳಿಯುತ್ತೇವೆ. ವಾಪಸ್ ಬರುವಾಗ ಗೊಬ್ಬರವೋ ಸಿಮೆಂಟೋ ಹೇರಿಕೊಂಡು ಶಿರಾಡಿ ಹತ್ತುತ್ತೇವೆ. ಟರ್ಬೊ (ಹೊಗೆಯ ಬಲದಿಂದ ಇಂಜಿನ್‌ಗೆ ಗಾಳಿ ಒತ್ತುವ ಭಾಗ) ಹೋಗಿತ್ತು, ಈಗ ಹೊಸದು ಹಾಕಿಸಿದ್ದೇನೆ. ಹಳೆಯದರ ಶಾಫ್ಟ್ ಅಲ್ಲಾಡುತ್ತಿತ್ತು, ಆಯಿಲ್ ತಿನ್ನುತ್ತಿತ್ತು. ಬಿಸಿಗೇ ಹೋಗಿದ್ದು, ಹೊಸದಕ್ಕೆ ಬ್ಲಾಂಕೆಟ್, ಅಂದರೆ ಬಿಸಿ ತಡೆಯುವ ನಾರಿನ ಹೊದಿಕೆ ಹಾಕು, ಬಾಳಿಕೆ ಬರುತ್ತದೆ ಅಂತ ಒಬ್ಬರು ಹೇಳುತ್ತಾರೆ. ಹಾಕಿದರೆ ಒಳಗೇ ಬೆಂದು ಹೋಗುತ್ತದೆ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಹುಬ್ಬಳ್ಳಿಯಿಂದ, ಡೀಸೆಲ್ ಗ್ಯಾರೇಜು

ಅಣ್ಣಾ, ಮೊದಲು ಟರ್ಬೊದಲ್ಲಿ ಸಾಯುವುದು ಯಾವ ಭಾಗ ಅಂತ ನೋಡೋಣ. ಒಂದು ಕಡೆ ಬಿಸಿ ಹೊಗೆ ಬಂದು ಚಕ್ರ ತಿರುಗಿಸುತ್ತದೆ. ಇನ್ನೊಂದು ಕಡೆ ಗಾಳಿ ಒತ್ತುವ ಚಕ್ರ. ಎರಡನ್ನೂ ಸೇರಿಸುವ ಶಾಫ್ಟ್ ಮಧ್ಯದಲ್ಲಿದೆ. ಅದು ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಅದೂ ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲಿಕೊಂಡು. ಫುಲ್ ಲೋಡಿನಲ್ಲಿ ಡೀಸೆಲ್ ಹೊಗೆ 700 ಡಿಗ್ರಿ ಆಸುಪಾಸಿನಲ್ಲಿ ಬರುತ್ತದೆ. ಬಿಸಿ ಕಡೆಯ ಬೀಡುಕಬ್ಬಿಣವನ್ನು ಆ ಬಿಸಿ ತಡೆಯಲೆಂದೇ ಎರಕ ಹೊಯ್ದಿರುತ್ತಾರೆ. ನಮ್ಮ ಗ್ಯಾರೇಜಿಗೆ ಬರುವ ಟರ್ಬೊಗಳಲ್ಲಿ ಹೆಚ್ಚಿನವು ಹೋಗಿರುವುದು ಮಧ್ಯದ ಬೇರಿಂಗ್‌ನಿಂದ, ಅಂದರೆ ಆಯಿಲ್‌ನಿಂದ.

ಬ್ಲಾಂಕೆಟ್ ಕೂರುವುದು ಬಿಸಿ ಕಡೆಯ ಮೇಲೆ. ಅದು ಬಿಸಿಯನ್ನು ಅಲ್ಲೇ ಹಿಡಿದಿಡುತ್ತದೆ, ಬಾನೆಟ್ ಒಳಗೆ ಹರಡಲು ಬಿಡುವುದಿಲ್ಲ. ಅದರಿಂದ ಉಳಿಯುವುದು ಪಕ್ಕದ ವೈರು, ರಬ್ಬರ್ ಹೋಸ್. ಬೇರಿಂಗ್‌ಗಾಗಲೀ ಆಯಿಲ್‌ಗಾಗಲೀ ಒಂದು ಡಿಗ್ರಿಯೂ ತಂಪು ಸಿಗುವುದಿಲ್ಲ. ಹೊಗೆಯ ಬಿಸಿ ಹೊರಗೆ ಪೋಲಾಗದೆ ಟರ್ಬೊ ಸ್ವಲ್ಪ ಬೇಗ ಎಳೆಯುತ್ತದೆ ಅನ್ನುವುದು ನಿಜವೇ. ಆದರೆ ಲೋಡ್ ಗಾಡಿಯಲ್ಲಿ ಅದು ಕಾಲಿಗೆ ಗೊತ್ತಾಗುವಷ್ಟು ಇರುವುದಿಲ್ಲ.

ಬೆಂದು ಹೋಗುತ್ತದೆ ಅಂದವರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಗುಂಡ್ಯದಿಂದ ದೋಣಿಗಲ್‌ವರೆಗೆ ಲೋಡ್ ಎಳೆದು, ಮೇಲೆ ಬಂದ ತಕ್ಷಣ ಕಾಫಿಗೆ ನಿಲ್ಲಿಸಿ ಕೀ ತಿರುಗಿಸಿಬಿಡುತ್ತೀರಿ ಅಲ್ವಾ? ಇಂಜಿನ್ ನಿಂತರೆ ಆಯಿಲ್ ಪಂಪೂ ನಿಂತಿತು. ಬೇರಿಂಗ್‌ನಲ್ಲಿ ಉಳಿದ ಆಯಿಲ್ ಕದಲುವುದಿಲ್ಲ. ಬಿಸಿ ಕಡೆಯ ಕಾವು ಶಾಫ್ಟ್ ಹಿಡಿದು ಮಧ್ಯಕ್ಕೆ ಬರುತ್ತದೆ, ಆಯಿಲ್ ಸುಟ್ಟು ಇದ್ದಿಲಾಗುತ್ತದೆ. ಬ್ಲಾಂಕೆಟ್ ಇದ್ದರೆ ಬಿಸಿ ಕಡೆ ಆರುವುದೇ ನಿಧಾನ, ಈ ಕಾವು ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಹಾಗಾಗಿ ಹಾಕಿದರೂ ಬಿಟ್ಟರೂ, ಘಾಟಿ ಹತ್ತಿದ ಮೇಲೆ ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೇ ಆಫ್ ಮಾಡಿ. ಹಾಕಿದರೆ ಇನ್ನೊಂದು ನಿಮಿಷ ಜಾಸ್ತಿ ಬಿಡಿ.

ಒಂದು ಕೆಲಸ ಮಾಡಿ. ಹಳೆ ಟರ್ಬೊ ಇನ್ನೂ ಇದ್ದರೆ, ಮೇಲಿನ ಆಯಿಲ್ ಪೈಪಿನ ಬೋಲ್ಟ್ ಬಿಚ್ಚಿದ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ. ದೋಸೆ ಹಂಚಿಗೆ ಕಚ್ಚಿದ ಕರಕಲಿನ ಹಾಗೆ ಗಟ್ಟಿ ಕಪ್ಪು ಪದರ ಕಂಡರೆ, ಟರ್ಬೊ ಹೋಗಿದ್ದು ಇದರಿಂದಲೇ. ಅದೇ ಕರಕಲು ಆಯಿಲ್ ಪೈಪಿನ ಒಳಗೂ ಇರುತ್ತದೆ. ಹಳೆ ಪೈಪನ್ನೇ ಹೊಸ ಟರ್ಬೊಗೆ ಕೂರಿಸಿದ್ದರೆ ಇದೂ ಅದೇ ದಾರಿ ಹಿಡಿಯುತ್ತದೆ. ಪೈಪ್ ಹೊಸದಾ ಅಂತ ಇವತ್ತೇ ಕೇಳಿ.

ಬೆಂಗಳೂರಿನಿಂದ, ಪೆಟ್ರೋಲ್ ಟರ್ಬೊ ಕಾರು

ನಾನು ಹಾಕಿಸಿದ್ದೇನೆ, ತೃಪ್ತಿ ಇದೆ. ಆದರೆ ನನ್ನ ಕಾರಣ ಬೇರೆ. ಪೆಟ್ರೋಲಿನಲ್ಲಿ ಹೊಗೆಯ ಬಿಸಿ 900 ಡಿಗ್ರಿ ದಾಟುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತರೆ ಬಾನೆಟ್ ಒಳಗೆ ಗಾಳಿಯೇ ಆಡುವುದಿಲ್ಲ. ಟರ್ಬೊ ಪಕ್ಕ ಹಾದು ಹೋಗುವ ವೈರಿನ ಪ್ಲಾಸ್ಟಿಕ್ ತೋಳು ಒಣಗಿ, ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ತೋಳು ಬದಲಾಯಿಸಿ ಬ್ಲಾಂಕೆಟ್ ಹಾಕಿಸಿದ ಮೇಲೆ ಅದು ಮೆತ್ತಗೇ ಉಳಿದಿದೆ. ನನ್ನ ಕಾರಿನ ಟರ್ಬೊದ ಮಧ್ಯ ಭಾಗಕ್ಕೆ ಕೂಲೆಂಟ್ ನೀರು ಹರಿಯುತ್ತದೆ, ಕಾರ್ ಆಫ್ ಮಾಡಿದ ಮೇಲೂ ಸಣ್ಣ ಪಂಪೊಂದು ಸ್ವಲ್ಪ ಹೊತ್ತು ಓಡುತ್ತದೆ. ನಿಮ್ಮ ಪಿಕಪ್‌ನಲ್ಲಿ ನೀರಿನ ಲೈನ್ ಇಲ್ಲದಿದ್ದರೆ ನನ್ನ ಲೆಕ್ಕ ನಿಮಗೆ ಹೊಂದುವುದಿಲ್ಲ.

ತೆಗೆದುಕೊಳ್ಳುವವರು ಒಳಗೆ ಯಾವ ನಾರು ತುಂಬಿದ್ದಾರೆ ಕೇಳಿ. ಬರೀ ಗ್ಲಾಸ್ ಫೈಬರ್ ಇದ್ದರೆ 550 ಡಿಗ್ರಿ ಆಸುಪಾಸಿನಲ್ಲೇ ಸೋಲುತ್ತದೆ, ಪುಡಿಯಾಗುತ್ತದೆ. ಸಿಲಿಕಾ ಅಥವಾ ಸೆರಾಮಿಕ್ ನಾರಿನದ್ದು ತಡೆಯುತ್ತದೆ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಮೊದಲ ಸಲ ಬಿಸಿಯಾದಾಗ ಹೊಗೆ, ವಾಸನೆ ಎರಡೂ ಬರುತ್ತವೆ. ನಾರಿನ ಅಂಟು ಸುಡುವುದು ಅದು, ಗಾಬರಿ ಬೇಡ. ಆಮೇಲೂ ಬರುತ್ತಿದ್ದರೆ ಮಾತ್ರ ಗಾಡಿ ನಿಲ್ಲಿಸಿ ನೋಡಿ.

ಮಂಗಳೂರಿನಿಂದ, ಹಡಗಿನ ಇಂಜಿನ್ ರೂಮು

ಹಡಗಿನ ಟರ್ಬೊಗಳಿಗೆ ಹೊದಿಕೆ ಕಡ್ಡಾಯ. 220 ಡಿಗ್ರಿ ಮೀರಿ ಬಿಸಿಯಾಗುವ ಯಾವ ಲೋಹದ ಮೇಲೆ ಇಂಧನ ಸೋರಿ ಬೀಳಬಹುದೋ, ಅದನ್ನು ಮುಚ್ಚಲೇಬೇಕು ಅಂತ ಸೋಲಾಸ್ (ಹಡಗುಗಳ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ) ನಿಯಮ ಹೇಳುತ್ತದೆ. ಟರ್ಬೊ ಬಾಳಿಕೆಗೆ ಮಾಡಿದ ನಿಯಮ ಅಲ್ಲ, ಬೆಂಕಿಗೆ ಹೆದರಿ ಮಾಡಿದ್ದು. ಪೈಪ್ ಬಿರುಕು ಬಿಟ್ಟು ಡೀಸೆಲ್ ಚಿಮ್ಮಿದರೆ ಕಾದ ಕಬ್ಬಿಣಕ್ಕೆ ತಾಗಬಾರದು, ಅಷ್ಟೇ.

ಆದರೆ ಅದೇ ಹೊದಿಕೆಗೆ ಆಯಿಲ್ ಕುಡಿಯಲು ಬಿಟ್ಟರೆ ಅದೇ ಬತ್ತಿಯಾಗುತ್ತದೆ. ನಾವು ಸುತ್ತು ಹಾಕುವಾಗ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ಹೊದಿಕೆಯ ಮೇಲೆ ಎಲ್ಲಾದರೂ ಕಂದು ಕಲೆ ಕಂಡರೆ, ಸೋರಿಕೆ ಹುಡುಕಿ ನಿಲ್ಲಿಸಿ, ಆ ತುಂಡನ್ನು ಬಿಸಾಕಿ ಹೊಸದು ಕಟ್ಟುತ್ತೇವೆ. ಒರೆಸಿ ಮತ್ತೆ ಹಾಕುವ ಮಾತೇ ಇಲ್ಲ. ಗಾಡಿಯಲ್ಲಿ ಹೀಗೆ ದಿನಾ ನೋಡುವವರು ಯಾರು? ಆಯಿಲ್ ಸೋರುವ ಇಂಜಿನ್ ಮೇಲೆ ದಯವಿಟ್ಟು ಬ್ಲಾಂಕೆಟ್ ಹಾಕಬೇಡಿ.

ಉಡುಪಿಯಿಂದ, ಜೀಪು

ಬ್ಲಾಂಕೆಟ್ ಬಿಡಿ, ಮ್ಯಾನಿಫೋಲ್ಡ್‌ಗೂ (ಇಂಜಿನ್‌ನಿಂದ ಹೊಗೆ ಒಟ್ಟುಗೂಡುವ ಕೊಳವೆ) ಹೊಗೆ ಪೈಪಿಗೂ ಬಿಸಿ ತಡೆಯುವ ಪಟ್ಟಿ ಸುತ್ತಿಸುವವರು ನಮ್ಮ ಕಡೆಯ ಮಳೆ ನೆನಪಿಟ್ಟುಕೊಳ್ಳಿ. ನಮ್ಮಣ್ಣನ ಜೀಪಿನಲ್ಲಿ ಪಟ್ಟಿ ಬಿಚ್ಚಿದರೆ ಕೆಳಗಿನ ಪೈಪು ಪದರ ಪದರವಾಗಿ ಉದುರಿತು. ನೀರು ಹೀರಿಕೊಂಡ ಪಟ್ಟಿ ಗಾಡಿ ನಿಂತಾಗ ಆರುವುದೇ ಇಲ್ಲ.

ಸಕಲೇಶಪುರದಿಂದ

ಎಲ್ಲರಿಗೂ ಧನ್ಯವಾದ. ಹಳೆ ಟರ್ಬೊದ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿದೆ, ಹೇಳಿದ ಹಾಗೇ ಕರಕಲು. ಆಯಿಲ್ ಪೈಪು ಹಳೆಯದೇ, ಬದಲಾಯಿಸಿಲ್ಲವಂತೆ. ಇನ್ನೊಂದು ವಿಷಯ: ಟರ್ಬೊ ಮೇಲೆ ಮೊದಲು ಒಂದು ತಗಡಿನ ಮುಚ್ಚಳ ಇತ್ತು, ಈಗ ಕಾಣುತ್ತಿಲ್ಲ. ಒಂದು ಬೋಲ್ಟ್ ತುಂಡಾಯಿತು, ತಗಡಿಲ್ಲದಿದ್ದರೂ ನಡೆಯುತ್ತದೆ ಅಂತ ಇಲ್ಲಿನ ಗ್ಯಾರೇಜಿನವರು ಅಂದರು.

ಹುಬ್ಬಳ್ಳಿಯಿಂದ

ನಡೆಯುವುದಿಲ್ಲ ಅಣ್ಣಾ. ಅದೇ ಹೀಟ್ ಶೀಲ್ಡ್. ಕಂಪನಿಯವರು ನಿಮ್ಮ ಗಾಡಿಗೆ ಅಂತಲೇ ಕೊಟ್ಟ ರಕ್ಷಣೆ ಅದು. ತಗಡಿಗೂ ಟರ್ಬೊಗೂ ನಡುವೆ ಗಾಳಿ ಆಡುತ್ತದೆ. ಪಕ್ಕದ ಹೋಸಿಗೆ ಕಾವು ತಾಗುವುದಿಲ್ಲ, ಟರ್ಬೊದ ಬಿಸಿಯೂ ಒಳಗೇ ಕಟ್ಟಿಕೊಳ್ಳುವುದಿಲ್ಲ. ಆಯಿಲ್ ಸಿಡಿದರೂ ಹೀರಿಕೊಳ್ಳುವುದಿಲ್ಲ. ನಿಮ್ಮಂಥ ಗಾಡಿಗೆ ಬ್ಲಾಂಕೆಟ್‌ಗಿಂತ ಇದೇ ಮೇಲು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಟರ್ಬೊ ಬಿಚ್ಚಿದಾಗ ತುಕ್ಕು ಹಿಡಿದ ಬೋಲ್ಟ್ ಮುರಿಯುತ್ತದೆ, ತಗಡು ಮೂಲೆ ಸೇರುತ್ತದೆ. ಆಮೇಲೆ ಬಿಸಿ ಜಾಸ್ತಿ ಅಂತ ಬ್ಲಾಂಕೆಟ್ ಹುಡುಕುತ್ತಾರೆ. ಇದು ನೋಡಿ ನೋಡಿ ನನಗೆ ಬೇಜಾರಾಗಿದೆ.

ಮುರಿದ ಬೋಲ್ಟ್ ತೆಗೆಸಿ, ತಗಡು ಕೂರಿಸಿ. ಸಿಗದಿದ್ದರೆ ಗುಜರಿಯಲ್ಲಿ ಅದೇ ಮಾಡೆಲ್ಲಿನದು ಹುಡುಕಿ. ಆಯಿಲ್ ಪೈಪು ಹೊಸದು ಹಾಕಿಸುವವರೆಗೆ ಲೋಡ್ ಹೇರಬೇಡಿ. ಆಯಿಲ್ ವಾಪಸ್ ಇಳಿಯುವ ಕೆಳಗಿನ ಪೈಪೂ ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದು ಕಟ್ಟಿದರೆ ಹೊಸ ಟರ್ಬೊನೂ ಸೀಲಿನಿಂದ ಆಯಿಲ್ ಕಕ್ಕುತ್ತದೆ.

ಇಷ್ಟಾದ ಮೇಲೂ ಬ್ಲಾಂಕೆಟ್ ಬೇಕೇ ಬೇಕು ಅನ್ನುವವರು ಬಿಸಿ ಕಡೆಗೆ ಮಾತ್ರ ಹೊದಿಸಿ. ಮಧ್ಯದ ಬೇರಿಂಗ್ ಭಾಗ, ಗಾಳಿಯ ಕಡೆ ಎರಡೂ ತೆರೆದೇ ಇರಲಿ. ಆಕ್ಚುವೇಟರ್ ಕಡ್ಡಿ (ಟರ್ಬೊ ಒತ್ತಡ ಹತೋಟಿಯಲ್ಲಿಡುವುದು) ಬ್ಲಾಂಕೆಟ್‌ಗೆ ತಾಗದೆ ಪೂರ್ತಿ ಹಿಂದೆ ಮುಂದೆ ಆಡುತ್ತದಾ ಅಂತ ಕೈಯಲ್ಲಿ ನೋಡಿ. ಬಿಎಸ್6 ಡೀಸೆಲ್ ಇರುವವರು ಸುಮ್ನೆ ಕೈ ಹಾಕಬೇಡಿ. ಟರ್ಬೊ ಸುತ್ತಮುತ್ತಲೇ ಸೆನ್ಸರ್‌ಗಳು ಇರುತ್ತವೆ, ವಾರಂಟಿಯ ತಕರಾರೂ ಬರುತ್ತದೆ.

ಸಕಲೇಶಪುರದಿಂದ

ಪೈಪಿಗೆ ಹೇಳಿದ್ದೇನೆ, ನಾಳೆ ಬರುತ್ತದೆ. ತಗಡು ಗ್ಯಾರೇಜಿನ ಹಿಂದೆಯೇ ಬಿದ್ದಿತ್ತು, ಬಗ್ಗಿದೆ ಅಷ್ಟೇ, ಸರಿ ಮಾಡಿ ಕೂರಿಸುತ್ತಾರಂತೆ. ಬ್ಲಾಂಕೆಟ್ ತರಿಸುವುದಿಲ್ಲ.