ಇಮೇಲ್ ಪಟ್ಟಿಯಲ್ಲಿ ಉತ್ತರ ಯಾರಿಗೆ ಹೋಗಬೇಕು?

ಸಂಶೋಧನಾ ವಿದ್ಯಾರ್ಥಿನಿ: ನಮ್ಮ ಸಂಸ್ಥೆಯ ಇಮೇಲ್ ಪಟ್ಟಿಯಲ್ಲಿ ‘ರಿಪ್ಲೈ’ ಒತ್ತಿದರೆ ಉತ್ತರವು ಪತ್ರ ಬರೆದವರೊಬ್ಬರಿಗೆ ಹೋಗದೆ ಎಲ್ಲ ಸದಸ್ಯರಿಗೂ ತಲುಪುತ್ತದೆ. ಸಹಪಾಠಿಯೊಬ್ಬರು ತಮಗೆ ಫೆಲೋಶಿಪ್ ಹಣ ಬಾರದಿರುವುದನ್ನು ಮಾರ್ಗದರ್ಶಕರಿಗೆಂದೇ ಬರೆದದ್ದು ಹೀಗೆ ಇಡೀ ಸಂಸ್ಥೆಗೆ ಗೊತ್ತಾಯಿತು. ಉತ್ತರವು ಬರೆದವರಿಗಷ್ಟೇ ಹೋಗುವಂತೆ ವ್ಯವಸ್ಥೆಯನ್ನು ದಯವಿಟ್ಟು ಬದಲಿಸಬೇಕು.

ಗ್ರಂಥಪಾಲಕರು: ಅವರಿಗಾದ ಮುಜುಗರ ನನಗೆ ಅರ್ಥವಾಗುತ್ತದೆ. ಆದರೂ ಈ ಬದಲಾವಣೆಗೆ ನನ್ನ ಒಪ್ಪಿಗೆಯಿಲ್ಲ. ಹಳೆಯ ದತ್ತಾಂಶದ ಕಡತವೊಂದನ್ನು ತೆರೆಯುವುದು ಹೇಗೆಂದು ಯಾರೋ ಕೇಳಿ, ಉತ್ತರ ಅವರೊಬ್ಬರಿಗೇ ಹೋದರೆ, ಪಟ್ಟಿಯ ಸಂಗ್ರಹದಲ್ಲಿ ಬರೀ ಪ್ರಶ್ನೆ ಉಳಿಯುತ್ತದೆ. ಮುಂದಿನ ವರ್ಷ ಬಂದವರು ಅದನ್ನೇ ಮತ್ತೆ ಕೇಳುತ್ತಾರೆ.

ಗಣಕ ವಿಭಾಗದ ಸಿಬ್ಬಂದಿ: ಪ್ರಕಟಣೆಯ ಪಟ್ಟಿಯನ್ನೂ ಚರ್ಚೆಯ ಪಟ್ಟಿಯನ್ನೂ ಮೊದಲು ಬೇರೆ ಮಾಡೋಣ. ಪ್ರಕಟಣೆಯ ಪಟ್ಟಿಗೆ ಕಚೇರಿಯವರು ಮಾತ್ರ ಬರೆಯುವಂತಿರಬೇಕು. 2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಎನ್‌ಎಚ್‌ಎಸ್ ಆರೋಗ್ಯ ಸೇವೆಯಲ್ಲಿ ಪರೀಕ್ಷೆಗೆಂದು ಕಳಿಸಿದ ಒಂದು ಪತ್ರ 8 ಲಕ್ಷಕ್ಕೂ ಹೆಚ್ಚು ಮಂದಿಗೆ ಹೋಗಿ, ‘ನನ್ನ ಹೆಸರು ತೆಗೆಯಿರಿ’ ಎಂದು ಹಲವರು ಎಲ್ಲರಿಗೂ ಉತ್ತರಿಸಿದ್ದರಿಂದ ಅಂಚೆ ವ್ಯವಸ್ಥೆಯೇ ತೀರಾ ನಿಧಾನವಾಯಿತು. ಇನ್ನೊಂದು ವಿನಂತಿ: ದೊಡ್ಡ ಕಡತಗಳನ್ನು ಲಗತ್ತಿಸದೆ ಕೊಂಡಿಯನ್ನಷ್ಟೇ ಕೊಡಿ, ಏಕೆಂದರೆ ಲಗತ್ತಿಸಿದ ಕಡತ ಅಂಚೆಗೆ ಹೊಂದುವಂತೆ ಪರಿವರ್ತನೆಯಾಗುವಾಗ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ.

ಸಂಶೋಧನಾ ವಿದ್ಯಾರ್ಥಿನಿ: ಚರ್ಚೆಯ ಪಟ್ಟಿಯಲ್ಲೂ ನನ್ನ ಆಕ್ಷೇಪ ಹಾಗೆಯೇ ಉಳಿಯುತ್ತದೆ. ಒಬ್ಬರಿಗೇ ಹೋದ ಉಪಯುಕ್ತ ಉತ್ತರವನ್ನು ನಾಳೆ ಪಟ್ಟಿಗೆ ಕಳಿಸಬಹುದು, ಆದರೆ ಎಲ್ಲರ ಅಂಚೆಪೆಟ್ಟಿಗೆ ಸೇರಿದ ಖಾಸಗಿ ಮಾತನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಎರಡು ತಪ್ಪುಗಳಲ್ಲಿ ತಿದ್ದಿಕೊಳ್ಳಲು ಸಾಧ್ಯವಿರುವುದರ ಕಡೆಗೇ ವ್ಯವಸ್ಥೆ ವಾಲಬೇಕಲ್ಲವೇ?

ಹಿರಿಯ ಪ್ರಾಧ್ಯಾಪಕರು: ಈ ವಾದ ನನಗೆ ಸರಿಯೆನಿಸುತ್ತದೆ. ಗ್ರಂಥಪಾಲಕರ ಆತಂಕಕ್ಕೂ ಹಳೆಯ ಪರಿಹಾರವೊಂದಿದೆ. ಅಂತರಜಾಲದ ಶಿಷ್ಟಾಚಾರವನ್ನು ಕುರಿತು 1995ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ದಾಖಲೆಯು, ಪ್ರಶ್ನೆ ಕೇಳಿದವರು ತಮಗೆ ಬಂದ ಉತ್ತರಗಳ ಸಾರಾಂಶವನ್ನು ತಾವೇ ಪಟ್ಟಿಗೆ ಬರೆಯಬೇಕೆನ್ನುತ್ತದೆ. ಬಂದ ಪತ್ರಗಳನ್ನೆಲ್ಲ ಒಟ್ಟುಗೂಡಿಸಿ ಕಳಿಸಿದರೆ ಅದು ಸಾರಾಂಶವಾಗದೆಂದೂ ಎಚ್ಚರಿಸುತ್ತದೆ. ರಜೆಯಲ್ಲಿರುವವರ ಸ್ವಯಂಚಾಲಿತ ಉತ್ತರಗಳು ಪಟ್ಟಿಗೆ ಬರಬಾರದೆಂಬ ಕಾಳಜಿಯೂ ಅದರಲ್ಲಿದೆ.

ಗ್ರಂಥಪಾಲಕರು: ಸಾರಾಂಶ ಬರೆಯುವುದು ಬರೀ ಸಲಹೆಯಾಗಿರದೆ ನಿಯಮವಾಗುವುದಾದರೆ ನಾನು ಒಪ್ಪುತ್ತೇನೆ. ವಾರ ಕಳೆದರೂ ಬರೆಯದವರಿಗೆ ನೆನಪೋಲೆ ಕಳಿಸುವ ಕೆಲಸವನ್ನು ಗ್ರಂಥಾಲಯವೇ ವಹಿಸಿಕೊಳ್ಳುತ್ತದೆ.