ಸಹಾಯ ಬೇಕು: ಪಿಎಚ್‌ಪಿ ಆ್ಯಪ್ 500 (ಸರ್ವರ್ ಎರರ್) ಕೊಡ್ಲತ್ತದ, ಎರರ್ ಲಾಗ್ ಮಾತ್ರ ಖಾಲಿ

ಎಲ್ಲರಿಗೂ ಶರಣ್ರಿ. ಕಲಬುರಗಿ ಗಂಜ್‌ನ್ಯಾಗ ನಮ್ಮ ಕಾಕಾರ ಅಡತಿ ಅಂಗಡಿ ಅದ. ತೊಗರಿ ತರೋ ರೈತರಿಗೆ ಪಟ್ಟಿ ಮಾಡ್ಲಿಕ್ಕೆ ಒಂದು ಪಿಎಚ್‌ಪಿ ಆ್ಯಪ್ ಅಂಗಡಿ ಕಂಪ್ಯೂಟರ್‌ನ್ಯಾಗೇ ಹಾಕೀವಿ. ಉಬುಂಟು 22.04, ವೆಬ್ ಸರ್ವರ್ ಎನ್‌ಜಿನ್‌ಎಕ್ಸ್, ಪಿಎಚ್‌ಪಿ ಕೋಡ್ ನಡೆಸೋ ಸರ್ವಿಸ್ ಪಿಎಚ್‌ಪಿ-ಎಫ್‌ಪಿಎಂ 8.1.

ಹಮಾಲಿ ಕಾಲಂ ಖಾಲಿ ಬಿಟ್ಟು ಸೇವ್ ಒತ್ತಿದ್ರ ಬಿಳಿ ಪೇಜು. ಆಕ್ಸೆಸ್ ಲಾಗ್‌ನ್ಯಾಗ ಬರೇ 500. ಕಾಲಂ ತುಂಬಿದ್ರ ಸೇವ್ ಆಗ್ತದ! ಯಾವ ಫೈಲು, ಯಾವ ಲೈನು ಅಂತ ಲಾಗ್ ಹೇಳಬೇಕಲ್ರಿ?

ಪಿಎಚ್‌ಪಿ.ಐಎನ್‌ಐ (ಸೆಟ್ಟಿಂಗ್ಸ್ ಫೈಲು) ಎರಡು ಅದಾವ, ಸಿಎಲ್‌ಐದು (ಕಮಾಂಡ್ ಲೈನ್‌ದು) ಒಂದು, ಎಫ್‌ಪಿಎಂದು ಒಂದು. ಯಾವ ಸೆಟ್ಟಿಂಗ್ಸ್ ನಡೀತಾವ ಅಂತ ಹೇಳೋ ಪಿಎಚ್‌ಪಿಇನ್ಫೋ ಎರಡನೇದು ತೋರಿಸ್ತು, ಅದ್ರಾಗೇ ಲಾಗ್_ಎರರ್ಸ್ ಆನ್ ಮಾಡಿ, ಎರರ್_ಲಾಗ್‌ಗೆ ಪೂರಾ ಪಾತ್ ಕೊಟ್ಟು, ಸರ್ವಿಸ್ ರೀಸ್ಟಾರ್ಟ್ ಮಾಡೀನಿ. ಲಾಗ್ ಫೈಲು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಯೂಸರ್ ಹೆಸರಿಗೇ ಅದ. ಪರೀಕ್ಷೆಗಂತ ಬ್ಯಾರೆ ಪೇಜ್‌ನ್ಯಾಗ ಇಲ್ಲದ ಫಂಕ್ಷನ್ ಒಂದು ಕರೆದೆ, ಅದು ಟಕ್ಕಂತ ಲಾಗ್‌ಗೆ ಬಂತು. ಆ್ಯಪ್‌ದು ಮಾತ್ರ ಒಂದು ಲೈನೂ ಇಲ್ಲ. ಎನ್‌ಜಿನ್‌ಎಕ್ಸ್ ಎರರ್ ಲಾಗೂ ಅಷ್ಟೇ.

ಎರರ್ ಸ್ಕ್ರೀನ್ ಮ್ಯಾಲೇ ತೋರಿಸೋ ಡಿಸ್‌ಪ್ಲೇ_ಎರರ್ಸ್ ಆನ್ ಮಾಡು ಅಂತ ಹೇಳಬ್ಯಾಡ್ರಿ. ರೈತರು ಸ್ಕ್ರೀನ್ ಎದುರಿಗೇ ಕುಂತಿರ್ತಾರ. ಆ್ಯಪ್ ಬರೆದಾವ ಫೋನ್ ಎತ್ತವಲ್ಲ.

ನಂಗ ತಿಳೀಲಾರದ್ದು ಇಷ್ಟೇ: ಆ್ಯಪ್ ಐಎನ್‌ಐ_ಸೆಟ್ (ಕೋಡ್‌ನಿಂದಲೇ ಸೆಟ್ಟಿಂಗ್ ಬದಲಿಸೋ ಫಂಕ್ಷನ್) ಹಾಕಿ ಲಾಗ್ ಪಾತ್ ಬದಲಿಸ್ಯದೋ, ಟ್ರೈ-ಕ್ಯಾಚ್‌ನ್ಯಾಗ (ಎರರ್ ಹಿಡಿಯೋ ಕೋಡ್‌ನ್ಯಾಗ) ಎರರ್ ನುಂಗಿ 500 ಅಷ್ಟೇ ಕಳಸ್ತದೋ? ಕೋಡ್ ಫೈಲು ನೂರಾರು ಅದಾವ. ಎಫ್‌ಪಿಎಂದ ಪೂಲ್ ಫೈಲ್‌ನ್ಯಾಗ ಪಿಎಚ್‌ಪಿ_ಅಡ್ಮಿನ್_ವ್ಯಾಲ್ಯೂ (ಕೋಡ್‌ನಿಂದ ಬದಲಿಸ್ಲಿಕ್ಕೆ ಆಗದ ಸೆಟ್ಟಿಂಗ್) ಹಾಕಿ ಪಾತ್ ಗಟ್ಟಿ ಮಾಡಿದ್ರ ಸಾಕೇನ್ರಿ, ಇಲ್ಲಾ ಕೋಡ್‌ನ್ಯಾಗೇ ಹುಡುಕಬೇಕಾ? ಹುಡುಕೋದಾದ್ರ ಗ್ರೆಪ್‌ಗೆ (ಫೈಲ್‌ಗಳಾಗ ಪದ ಹುಡುಕೋ ಕಮಾಂಡ್‌ಗೆ) ಯಾವ ಯಾವ ಪದ ಕೊಡ್ಲಿ?