ಅಪ್‌ಡೇಟ್: ಸದ್ದು ಕಡಿಮೆ, ವೇಗ ಜಾಸ್ತಿ ಇರುವ ದೋಣಿ ಕೊನೆಗೂ ಆಯಿತು

ಹೊನ್ನಾವರದ ಶರಾವತಿ ಹೊಳೆಯಲ್ಲಿ ಹಕ್ಕಿ ನೋಡುವವರನ್ನು ಕರೆದೊಯ್ಯಲು ಜೋರಾಗಿ ಓಡುವ, ಆದರೆ ಗಲಾಟೆ ಮಾಡದ ಮೋಟಾರ್ ದೋಣಿ ಯಾವುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೊಸ ದೋಣಿ ಕೊಳ್ಳಲಿಲ್ಲ. ನನ್ನ ಫೈಬರ್ ದೋಣಿಗೇ ಹಳೆಯ ಟೂ-ಸ್ಟ್ರೋಕ್ ಎಂಜಿನ್ ತೆಗೆದು, ಅದಕ್ಕಿಂತ ಸದ್ದು ಕಡಿಮೆ ಇರುವ 40 ಎಚ್‌ಪಿ ಫೋರ್-ಸ್ಟ್ರೋಕ್ ಎಂಜಿನ್ ಹಾಕಿಸಿದೆ. ಇದರ ಹೊಗೆ ಪ್ರೊಪೆಲ್ಲರ್ ನಡುವಿನಿಂದ ನೀರೊಳಗೇ ಹೋಗುತ್ತದೆ. ನಿಧಾನಕ್ಕೆ ಓಡುವಾಗ ಪಕ್ಕದವರ ಪಿಸುಮಾತೂ ಕೇಳುತ್ತದೆ.

ಆದರೂ ಮೊದಲ ವಾರ ಒಂದು ಗುಂಯ್‌ಗುಡುವ ಸದ್ದು ಬಿಡಲೇ ಇಲ್ಲ. ಎಂಜಿನ್ನಿನದೇ ಅಂದುಕೊಂಡೆ. ಓಡುತ್ತಿರುವಾಗ ಒಂದೊಂದೇ ಜಾಗ ಕೈಯಿಂದ ಒತ್ತಿ ನೋಡಿದೆ. ಪೆಟ್ರೋಲ್ ಟ್ಯಾಂಕ್ ಒತ್ತಿದ ಕೂಡಲೇ ಸದ್ದು ನಿಂತಿತು! ಅದು ತಳದ ಫೈಬರಿಗೆ ತಾಗಿ ನಡುಗುತ್ತಿತ್ತು. ಕೆಳಗೆ ದಪ್ಪ ರಬ್ಬರ್ ಹಾಸಿ ಬೆಲ್ಟ್ ಬಿಗಿದೆ. ನೀವೂ ಎಂಜಿನ್ ಬದಲಿಸುವ ಮೊದಲು ಇದನ್ನು ನೋಡಿ, ದಯವಿಟ್ಟು.

ಬರೀ ಎಲೆಕ್ಟ್ರಿಕ್ ಹಾಕಿ ಅಂದವರ ಮಾತೂ ಬಿಡಲಿಲ್ಲ. ದೋಣಿ ಮೂತಿ ಎತ್ತಿ ನೀರ ಮೇಲೆ ಜಾರುವ ವೇಗ ಬೇಕೆಂದರೆ ಬ್ಯಾಟರಿಯ ತೂಕ, ಖರ್ಚು ಎರಡೂ ಜಾಸ್ತಿ. ಅದಕ್ಕೇ 12 ವೋಲ್ಟಿನ ಚಿಕ್ಕ ಟ್ರೋಲಿಂಗ್ ಮೋಟಾರ್ (ದೋಣಿಯನ್ನು ನಿಧಾನಕ್ಕೆ ಓಡಿಸುವ ಬ್ಯಾಟರಿ ಮೋಟಾರ್) ಒಂದನ್ನು ಬೇರೆಯಾಗಿ ಹಾಕಿಕೊಂಡೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಬಂದಾಗ ದೊಡ್ಡ ಎಂಜಿನ್ ಬಂದ್, ಇದು ಚಾಲೂ. ಅಲ್ಲಿ ವೇಗ ಯಾರಿಗೂ ಬೇಕಿಲ್ಲ ಅಲ್ವಾ?

ನಿನ್ನೆ ಬೆಳಿಗ್ಗೆ ಬಾಗಿದ ಕೊಂಬೆಯ ಮೇಲೆ ಮಿಂಚುಳ್ಳಿ ಕೂತಿತ್ತು. ನಾವು ಎರಡು ಮಾರು ದೂರದಲ್ಲೇ ದಾಟಿದೆವು. ಅದು ಹಾರಲಿಲ್ಲ.